ಕೊಳೆತು ಬಂದ ಹವಳದ ಹಣ ವಾಪಸ್ ಕೊಡುವ ಬಗ್ಗೆ

ಇವರಿಗೆ,
ದೂರು ವಿಭಾಗದ ಅಧಿಕಾರಿಗಳು,
ಆನ್‌ಲೈನ್ ಅಕ್ವೇರಿಯಂ ಮಳಿಗೆ, ಬೆಂಗಳೂರು

ಮಾನ್ಯರೇ,

ನಿಮ್ಮಿಂದ ತರಿಸಿದ ಲೆದರ್ ಕೋರಲ್, ಅಂದರೆ ಉಪ್ಪುನೀರಿನ ತೊಟ್ಟಿಯಲ್ಲಿ ಸಾಕುವ ಮೆದು ಹವಳ, ಬುಡದಿಂದ ಕೊಳೆಯಿತು. ಉಳಿದಷ್ಟನ್ನು ನಾನು ಕೊಯ್ದು ಬದುಕಿಸಿಕೊಂಡೆ. ಈಗ ನಿಮ್ಮವರು ‘ನೀವೇ ಕೊಯ್ದಿದ್ದೀರಲ್ಲ, ಗ್ಯಾರಂಟಿ ಹೋಯಿತು’ ಅನ್ನುತ್ತಿದ್ದಾರೆ. ಫೋನ್ ಮಾಡಿದಾಗಲೆಲ್ಲ ಹೊಸಬರು ಎತ್ತಿಕೊಂಡು ಮೊದಲಿಂದ ಕೇಳುತ್ತಾರೆ. ಅದಕ್ಕೇ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ರಾತ್ರಿ ಬಸ್ಸಿಗೆ ಹಾಕಿದ ಪಾರ್ಸೆಲ್ ಬೆಳಿಗ್ಗೆ ಬೆಳಗಾವಿಗೆ ಬಂತು. ಅದರಲ್ಲಿ ತಕರಾರಿಲ್ಲ. ಥರ್ಮಾಕೋಲ್ ಡಬ್ಬಿ ಗಟ್ಟಿಯಾಗಿತ್ತು, ನೀರೂ ಬಿಸಿಯಾಗಿರಲಿಲ್ಲ. ಚೀಲ ಬಿಚ್ಚುವ ಮೊದಲೇ, ಗ್ಯಾರಂಟಿಗೆ ನೀವು ಕೊಟ್ಟ ಎರಡು ಗಂಟೆಯೊಳಗೆ, ಫೋಟೋ ಕಳಿಸಿದೆ. ಆ ಫೋಟೋದಲ್ಲೇ ಬುಡ ನೋಡಿ. ನಿಮ್ಮ ಜಾಹೀರಾತಿನಲ್ಲಿ ‘ಗಾಯ ಮಾಗಿ ಕಲ್ಲಿಗೆ ಅಂಟಿದ ತುಂಡು’ ಅಂತಿದೆ. ಬಂದದ್ದರಲ್ಲಿ ಕಲ್ಲೂ ಇಲ್ಲ, ಹವಳ ಅಂಟಿಸುವ ಪ್ಲಗ್ಗೂ ಇಲ್ಲ. ಆಗಷ್ಟೇ ಕಿತ್ತ ಹಾಗೆ ಬುಡ ಹರಿದು ಎಳೆಎಳೆಯಾಗಿ ನೇತಾಡುತ್ತಿತ್ತು.

ಅಣಬೆಯಂಥ ತಲೆ ಮುದುಡಿತ್ತು. ‘ಮುಚ್ಕೊಂಡಿದೆ ಅಷ್ಟೇ ಮೇಡಂ, ಲೆದರ್ ಹಾಗೇ ಮಾಡುತ್ತೆ, ಕಾಯಿರಿ’ ಅಂದರು ನಿಮ್ಮವರು. ಅರ್ಧ ನಿಜ. ಲೆದರ್ ಆಗಾಗ ಮೈಮೇಲಿನ ಸಣ್ಣ ಹೂವಿನಂಥ ಪಾಲಿಪ್ ಒಳಗೆಳೆದುಕೊಂಡು ಮೇಣದಂಥ ಪೊರೆ ಬಿಡುತ್ತದೆ. ಕೆಲವೊಮ್ಮೆ ವಾರಗಟ್ಟಲೆ ಮುಚ್ಚಿಕೊಂಡೇ ಇದ್ದು, ಪೊರೆ ಕಳಚಿದ ಮೇಲೆ ಮತ್ತೆ ಅರಳುತ್ತದೆ. ಆದರೆ ಸುಮ್ನೆ ಪೊರೆ ಬಿಡುತ್ತಿರುವ ಹವಳ ನಾರುವುದಿಲ್ಲ, ಅಲ್ವಾ? ಇದರ ಬುಡ ಕಪ್ಪಾಗಿ, ಲೋಳೆಯಾಗಿ, ಕೊಳೆತ ಮೊಟ್ಟೆಯ ವಾಸನೆ ಹೊಡೆಯತೊಡಗಿತು. ಸರಿಯಾಗಿ ಆ ಹರಿದ ಜಾಗದಿಂದಲೇ ಶುರುವಾಗಿ ಮೇಲೇರುತ್ತಿತ್ತು. ವಿಡಿಯೋ ಕಳಿಸಿದೆ. ಮತ್ತೆ ಅದೇ, ಕಾಯಿರಿ.

ಕಾಯಲಿಲ್ಲ. ಕೊಳೆಯುವ ಲೆದರ್ ನೀರಿಗೆ ವಿಷ ಬಿಡುತ್ತದೆ ಅಂತ ನಿಮಗೂ ಗೊತ್ತು. ಬೇರೆ ಪಾತ್ರೆಯಲ್ಲಿ ತೊಟ್ಟಿಯ ನೀರನ್ನೇ ತುಂಬಿ, ಹೊಸ ಬ್ಲೇಡಿನಿಂದ ಕಪ್ಪು ಭಾಗಕ್ಕಿಂತ ಮೇಲೆ ಕೊಯ್ದೆ. ಹೆಸರಿಗೆ ಮೆದು ಹವಳ. ಒಳಗೆ ಸುಣ್ಣದ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ, ಬ್ಲೇಡು ಮರಳಿಗೆ ಸಿಕ್ಕ ಹಾಗೆ ಕರಕರ ಅನ್ನುತ್ತಿತ್ತು. ಕಪ್ಪು ಒಂದಿಷ್ಟೂ ಉಳಿಯದ ಹಾಗೆ ತೆಗೆದು, ತಲೆಯನ್ನು ತುಂಡು ಮಾಡಿ, ಅಯೋಡಿನ್ ಬೆರೆಸಿದ ಉಪ್ಪುನೀರಿನಲ್ಲಿ ಅದ್ದಿದೆ. ಲೆದರ್‌ಗೆ ಸೂಪರ್ ಗ್ಲೂ ನಿಲ್ಲುವುದಿಲ್ಲ, ಲೋಳೆ ಬಿಟ್ಟು ಜಾರಿಕೊಳ್ಳುತ್ತದೆ. ಅದಕ್ಕೆ ಕಲ್ಲುಚೂರುಗಳ ಮೇಲಿಟ್ಟು ರಬ್ಬರ್ ಬ್ಯಾಂಡ್ ಸಡಿಲವಾಗಿ ಸುತ್ತಿದೆ. ಬಿಗಿಯಾದರೆ ಅದೇ ಹವಳವನ್ನು ಕೊಯ್ದುಹಾಕುತ್ತದೆ. ಆ ವಿಷ ಹೀರಲಿ ಅಂತ ಫಿಲ್ಟರ್‌ಗೆ ಹೊಸ ಕಾರ್ಬನ್ ಹಾಕಿ, ನೀರು ಬದಲಿಸಿದೆ. ಕೆಲವು ತುಂಡು ಕರಗಿಹೋದವು. ಉಳಿದವು ಕಲ್ಲು ಹಿಡಿದು ಪಾಲಿಪ್ ಹೊರಗೆ ಹಾಕಿವೆ.

ಕೊಯ್ಯದೆ ಬಿಟ್ಟಿದ್ದರೆ ಪೂರ್ತಿ ಸಾಯುತ್ತಿತ್ತು, ಆಗ ‘ಎರಡು ಗಂಟೆ ದಾಟಿತು’ ಅನ್ನುತ್ತಿದ್ದಿರಿ. ಕೊಯ್ದರೆ ಗ್ಯಾರಂಟಿ ಇಲ್ಲ. ಹಾಗಾದರೆ ಈ ಗ್ಯಾರಂಟಿ ಯಾರಿಗೆ, ಯಾವಾಗ ಸಿಗುತ್ತದೆ?

ಕೊನೆಗೆ ತಪ್ಪನ್ನು ನನ್ನ ತೊಟ್ಟಿಯ ನೀರಿನ ಮೇಲೆ ಹಾಕಿದಿರಿ. ‘ಗೋವಾ ಹತ್ತಿರ ಇದೆಯಲ್ಲ, ಸಮುದ್ರದ ನೀರು ತರ್ತೀರಾ?’ ಅಂತ ಬೇರೆ ಕೇಳಿದರು. ತರುವುದಿಲ್ಲ. ಮಳೆಗಾಲದಲ್ಲಿ ದಡದ ನೀರಿಗೆ ಹೊಳೆಯ ನೀರು, ಕೆಸರು ಎಲ್ಲ ಸೇರಿರುತ್ತದೆ. ನನ್ನದು ಆರ್‌ಒ ನೀರಿಗೆ ಅಕ್ವೇರಿಯಂನ ಸಾಲ್ಟ್ ಮಿಕ್ಸ್ ಹಾಕಿದ್ದು, ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಶಾಖ 25 ಡಿಗ್ರಿ. ನೀರು ಕೆಟ್ಟಿದ್ದರೆ ಕೊಯ್ದ ಗಾಯ ಅದೇ ತೊಟ್ಟಿಯಲ್ಲಿ ಹೇಗೆ ಮಾಗಿತು?

ಇನ್ನು ಬಿಲ್. ಅದರಲ್ಲಿ ‘ಅಲಂಕಾರಿಕ ವಸ್ತು’ ಅಂತ ಬರೆದಿದ್ದೀರಿ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಆ ತಂಟೆಯೇ ಬೇಡ ಅಂತ, ತೊಟ್ಟಿಯಲ್ಲಿ ಬೆಳೆಸಿದ ಮೆದು ಹವಳವನ್ನೇ ಕೇಳಿ ತರಿಸಿದ್ದೆ. ಅದರ ಹೆಸರು, ಎಲ್ಲಿ ಬೆಳೆಸಿದ್ದು ಅನ್ನುವುದನ್ನು ಬರೆದ ಬಿಲ್ ಕೊಡಿ.

ಹವಳದ ಪೂರ್ತಿ ಹಣ ನನ್ನ ಖಾತೆಗೆ ಬರಬೇಕು. ಕೂಪನ್ ಬೇಡ. ಪಾರ್ಸೆಲ್ ಖರ್ಚು ಕೇಳುತ್ತಿಲ್ಲ, ಆ ಕೆಲಸ ಸರಿಯಾಗೇ ಆಗಿದೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನಾನಿರುವ ಊರಿನಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಓಡಾಡಬೇಕಿಲ್ಲ.

ಫೋಟೋ, ವಿಡಿಯೋ, ಬಿಲ್ ಲಗತ್ತಿಸಿದ್ದೇನೆ. ಫೋನ್ ಬೇಡ, ಬರಹದಲ್ಲೇ ಉತ್ತರಿಸಿ.

ಇಂತಿ,
ನಿಮ್ಮ ಗ್ರಾಹಕಿ
ಟಿಳಕವಾಡಿ, ಬೆಳಗಾವಿ