ಇಂಗ್ಲಿಷ್ ಎಂಎ ಅಂದ್ರೆ ಸ್ಪೋಕನ್ ಇಂಗ್ಲಿಷ್ ಕೋರ್ಸ್ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ವಾಚಕರ ಪತ್ರದಲ್ಲಿ ಒಬ್ರು ಬರೆದಿದ್ರು, ಇಂಗ್ಲಿಷ್ ಎಂಎ ಮಾಡಿದವ್ರಿಗೂ ಇಂಟರ್‌ವ್ಯೂನಲ್ಲಿ ನಾಲ್ಕು ವಾಕ್ಯ ನೆಟ್ಟಗೆ ಮಾತಾಡಕ್ಕೆ ಬರಲ್ಲ, ಹಂಗಾದ್ರೆ ಯೂನಿವರ್ಸಿಟಿಲಿ ಇಂಗ್ಲಿಷ್ ವಿಭಾಗ ಯಾಕ್ರೀ ಬೇಕು ಅಂತ. ನಾನು ಅಂಥ ಒಂದು ವಿಭಾಗದಲ್ಲಿ ಎರಡು ವರ್ಷ ಓದಿ, ಆಮೇಲೆ ಗೆಸ್ಟ್ ಲೆಕ್ಚರರ್ ಅಂತ ಪಾಠನೂ ಮಾಡಿದವ್ನು, ಅದಕ್ಕೇ ಬರೀತಿದೀನಿ. ರೆಸ್ಯೂಮೆ ತಿದ್ದಿಕೊಡು, ಅರ್ಜಿ ಬರ್ಕೊಡು ಅಂತ ನಂಟರು ಈಗ್ಲೂ ಫೋನ್ ಮಾಡ್ತಾರೆ, ನಾವು ಓದಿದ್ದು ಅದನ್ನಲ್ಲ ಅಂದ್ರೆ ಯಾರೂ ನಂಬಲ್ಲ.

ಓದಿದ್ದೇನು ಅಂದ್ರೆ, ನಮಗೊಬ್ರು ಮೇಷ್ಟ್ರಿದ್ರು, ಶುಕ್ರವಾರ ಮಧ್ಯಾಹ್ನ ಕ್ಲಾಸಿಗೆ ಬಂದು ಒಂದೊಂದು ಚೀಟಿ ಹಂಚೋರು, ಅದರಲ್ಲಿ ಒಂದು ಪದ್ಯ, ಕವಿ ಹೆಸರಿಲ್ಲ, ಕಾಲ ಇಲ್ಲ, ಏನೂ ಇಲ್ಲ. ಓದಿ ಅನಿಸಿದ್ದು ಬರೀರಿ ಅಷ್ಟೇ. ಒಂದ್ಸಲ ನಾನು ಇದು ಯಾರೋ ದೊಡ್ಡ ಕವಿದೇ ಇರ್ಬೇಕು ಅಂದ್ಕೊಂಡು ಒಂದೂವರೆ ಪುಟ ಹೊಗಳಿ ಬರೆದೆ, ಕೊನೆಗೆ ನೋಡಿದ್ರೆ ಅದು ಹಳೇ ಬ್ಯಾಚಿನ ಹುಡುಗನೊಬ್ಬ ಪರೀಕ್ಷೆ ಬೇಜಾರಲ್ಲಿ ಗೀಚಿದ್ದಂತೆ! ಇಡೀ ಕ್ಲಾಸು ನಕ್ತು. ಆದ್ರೆ ಹೆಸರು ನೋಡಿ ತಲೆ ಆಡ್ಸೋದು ಬೇರೆ, ಓದೋದು ಬೇರೆ ಅಂತ ಗೊತ್ತಾಗಿದ್ದು ಅವತ್ತೇ. ಇದು ಮೇಷ್ಟ್ರು ಕಂಡುಹಿಡಿದ ಆಟ ಏನಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜ್ ಯೂನಿವರ್ಸಿಟಿಲಿ ಪಾಠ ಮಾಡ್ತಿದ್ದ ವಿಮರ್ಶಕ ಐ.ಎ. ರಿಚರ್ಡ್ಸ್ 1920ರ ದಶಕದಲ್ಲೇ ಹಿಂಗೆ ಹೆಸರು ಮುಚ್ಚಿಟ್ಟು ಪದ್ಯ ಕೊಟ್ಟು, ಹುಡುಗರು ಬರೆದ ಉತ್ತರಗಳನ್ನ 1929ರಲ್ಲಿ ಪುಸ್ತಕ ಮಾಡಿದ್ರು, ಅಲ್ಲಿ ಓದ್ತಿದ್ದ ಬುದ್ಧಿವಂತರೂ ಎಡವಿ ಬಿದ್ದಿದ್ರು ಅನ್ನೋದು ನಂಗೆ ಸ್ವಲ್ಪ ಸಮಾಧಾನ.

ಈಗ ಆ ಶುಕ್ರವಾರದ ಕ್ಲಾಸ್ ಇಲ್ಲ. ಟೈಮ್‌ಟೇಬಲ್‌ನಲ್ಲಿ ಜಾಗ ಇಲ್ವಂತೆ, ಅದಕ್ಕೆ ಕ್ರೆಡಿಟ್ಟೂ ಇಲ್ಲ ಮಾರ್ಕ್ಸೂ ಇಲ್ಲ. ಬದಲಿಗೆ ಇಂಟರ್ನಲ್ಸು, ಅಸೈನ್‌ಮೆಂಟು, ಪಿಪಿಟಿ ಇಟ್ಕೊಂಡು ಸೆಮಿನಾರು. ಕಾದಂಬರಿ ಕೈಲಿ ಹಿಡಿದವ್ರು ಕಮ್ಮಿ, ಅದರ ಸಾರಾಂಶ ಮಾತ್ರ ಎಲ್ಲರ ಮೊಬೈಲಲ್ಲೂ ಇರತ್ತೆ. ಹುಡುಗರನ್ನೇ ಬೈದು ಏನು ಬಂತು, ಹದಿನಾರು ವಾರದಲ್ಲಿ ಐದು ಪೇಪರ್ ಮುಗಿಸ್ಬೇಕು ಅಂದ್ರೆ ನಾನೂ ಅದೇ ಮಾಡ್ತಿದ್ದೆ ಅನ್ಸತ್ತೆ. ನಾಟಕದ ಪಾಠ ಇರತ್ತೆ, ಒಂದು ದೃಶ್ಯಾನೂ ಯಾರೂ ಎದ್ದು ನಿಂತು ಆಡಲ್ಲ.

ಇನ್ನು ವಿಭಾಗ ಬೇಕಾ ಅನ್ನೋ ಪ್ರಶ್ನೆ. ಅದನ್ನ ಕೇಳೋದು ತಪ್ಪಲ್ಲ, ಬಹಳ ಹಿಂದೆಯೇ ಇನ್ನೂ ಚೆನ್ನಾಗಿ ಕೇಳಿದವ್ರಿದಾರೆ. 1968ರಲ್ಲಿ ಕೀನ್ಯಾದ ನೈರೋಬಿ ಯೂನಿವರ್ಸಿಟಿಲಿ ಆಫ್ರಿಕಾದ ಕಾದಂಬರಿಕಾರ ಗೂಗಿ ವಾ ಥಿಯಾಂಗೋ ಮತ್ತೆ ಇನ್ನಿಬ್ರು ಮೇಷ್ಟ್ರು ಇಂಗ್ಲಿಷ್ ವಿಭಾಗನೇ ತೆಗೀರಿ ಅಂತ ಬರೆದುಕೊಟ್ರು. ಇವರ ತಕರಾರು ಹುಡುಗರ ಮಾತಿನ ಬಗ್ಗೆ ಅಲ್ಲ, ನಮ್ಮ ಮಣ್ಣಿನ ಸಾಹಿತ್ಯ, ಬಾಯಿಮಾತಿನ ಕತೆ ಹಾಡು ಎಲ್ಲ ಮೂಲೆಗೆ ತಳ್ಳಿ ಇಂಗ್ಲೆಂಡನ್ನ ಯಾಕೆ ನಡುವೆ ಕೂರಿಸಿದೀರಿ ಅಂತ. ಆ ಇಂಗ್ಲೆಂಡಲ್ಲೇ ಆಕ್ಸ್‌ಫರ್ಡ್‌ನವ್ರು ಇಂಗ್ಲಿಷ್‌ಗೆ ಅಂತ ಬೇರೆ ಡಿಗ್ರಿ ಶುರು ಮಾಡಿದ್ದು ಬಹಳ ತಡವಾಗಿ, 1890ರ ದಶಕದಲ್ಲಿ ಅನ್ನೋದು ಇನ್ನೊಂದು ತಮಾಷೆ.

ಅದಕ್ಕೇ ಆ ಪತ್ರ ಬರೆದವ್ರಿಗೆ ನನ್ನದೊಂದು ವಿನಂತಿ, ಫ್ಲುಯೆಂಟಾಗಿ ಮಾತಾಡೋದು ಕಲೀಬೇಕು ಅಂದ್ರೆ ಅದಕ್ಕೆ ಮೂರು ತಿಂಗಳ ಕೋರ್ಸ್‌ಗಳಿವೆ, ಎರಡು ವರ್ಷ ಎಂಎ ಯಾಕೆ ಮಾಡ್ಬೇಕು. ವಿಭಾಗದವ್ರನ್ನ ಕೇಳೋದಾದ್ರೆ ವಾರಕ್ಕೊಂದು ಗಂಟೆ, ಮಾರ್ಕ್ಸ್ ಇಲ್ಲದ್ದು, ಒಂದು ಪದ್ಯ ಸುಮ್ನೆ ಕೂತು ಓದೋಕೆ ಬಿಡ್ತೀರಾ ಅಂತ ಕೇಳಿ. ಚೀಟಿ ಜೆರಾಕ್ಸ್ ಖರ್ಚು ಬೇಕಾದ್ರೆ ನಂದು.

ಇಂತಿ,
ನಿಮ್ಮ ಹಳೇ ಓದುಗ