ಹಳೆಯ ಸ್ಟೀರಿಯೊ ಗುಜರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಹಬ್ಬದ ದಿನಗಳು ಹತ್ತಿರವಾದಂತೆ ಸಾವಿರಾರು ವ್ಯಾಟ್‌ಗಳ ಮ್ಯೂಸಿಕ್ ಸಿಸ್ಟಂಗಳ ಜಾಹೀರಾತುಗಳೂ, ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ ಎಂಬ ಕೊಡುಗೆಗಳೂ ಎಲ್ಲೆಡೆ ಕಾಣತೊಡಗುತ್ತವೆ. ಇವನ್ನು ನಂಬಿ, 1980–90ರ ದಶಕಗಳಲ್ಲಿ ಆಸೆಪಟ್ಟು ಕೊಂಡಿದ್ದ ಆಂಪ್ಲಿಫೈಯರನ್ನೂ ಮರದ ಪೆಟ್ಟಿಗೆಯ ಸ್ಪೀಕರ್ ಜೋಡಿಯನ್ನೂ ಗುಜರಿ ಬೆಲೆಗೆ ಕೊಟ್ಟುಬಿಡುವ ಮನೆಗಳು ಬಹಳ. ಕೈಯಲ್ಲಿ 8–10 ಸಾವಿರ ರೂಪಾಯಿ ಮಾತ್ರ ಇರುವವರು ಅದನ್ನು ಹಳೆಯ ಸ್ಪೀಕರ್‌ಗಳ ದುರಸ್ತಿಗೆ ಬಳಸುವುದೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ಜಾಹೀರಾತಿನ ದೊಡ್ಡ ಅಂಕಿಗಳು ಬಹುಪಾಲು ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಲೆಕ್ಕದವು. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವೇ ಇಲ್ಲ. ಕೊಳ್ಳುವವರು ಕೇಳಬೇಕಾದದ್ದು ಆರ್‌ಎಂಎಸ್ ವ್ಯಾಟ್ (ನಿರಂತರವಾಗಿ ಕೊಡಬಲ್ಲ ಶಕ್ತಿ) ಎಷ್ಟು, ಅದೂ ಎಷ್ಟು ಓಮ್‌ನ (ವಿದ್ಯುತ್ ತಡೆಯ ಅಳತೆ) ಸ್ಪೀಕರ್‌ಗೆ ಎಂದು. ವ್ಯಾಟ್ ಎರಡು ಪಟ್ಟಾದರೆ ಶಬ್ದ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಮನೆಯ ಹಜಾರದಲ್ಲಿ ಹಿತವಾಗಿ ಕೇಳುವಾಗ ಖರ್ಚಾಗುವುದು ಕೆಲವೇ ವ್ಯಾಟ್‌ಗಳಾದ್ದರಿಂದ, ಸುಸ್ಥಿತಿಯಲ್ಲಿರುವ 30 ವ್ಯಾಟ್‌ನ ಹಳೆಯ ಆಂಪ್ಲಿಫೈಯರ್ ಧಾರಾಳವಾಗಿ ಸಾಕು.

ಹಳೆಯ ಸ್ಪೀಕರ್‌ಗಳಲ್ಲಿ ಸಾಮಾನ್ಯವಾಗಿ ಮೊದಲು ಹಾಳಾಗುವುದು ಕೋನ್‌ನ (ಕಂಪಿಸಿ ಶಬ್ದ ಹೊಮ್ಮಿಸುವ ಶಂಕುವಿನಾಕಾರದ ಭಾಗ) ಸುತ್ತಲಿನ ಫೋಮ್ ಅಂಚು. ಗಾಳಿಯ ತೇವಾಂಶಕ್ಕೆ ಅದು ವರ್ಷಗಳಲ್ಲಿ ಕೊಳೆತು, ಬೆರಳಿಂದ ಮೆಲ್ಲಗೆ ಒತ್ತಿದರೂ ಕಪ್ಪು ಹುಡಿಯಾಗಿ ಉದುರುತ್ತದೆ. ನಮ್ಮ ಕರಾವಳಿಯಂಥ ಕಡೆ ಇನ್ನೂ ಬೇಗ. ಆಗ ಮಂದ್ರ ಸ್ವರಗಳು ಒಡೆದು, ಮೃದಂಗದ ಎಡಭಾಗದ ಗುಮ್ಕಿ ಬರೀ ಕರಕರ ಎನ್ನುತ್ತದೆ. ಸ್ಪೀಕರೇ ಹೋಯಿತೆಂದು ಜನ ತಿಳಿಯುತ್ತಾರೆ. ವಾಸ್ತವದಲ್ಲಿ ಕೋನ್, ಅಯಸ್ಕಾಂತ, ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿಸುರುಳಿ) ಎಲ್ಲವೂ ಗಟ್ಟಿಮುಟ್ಟಾಗಿಯೇ ಇರುವುದುಂಟು. ಹಳೆಯ ಅಂಟನ್ನು ಪೂರ್ತಿ ಕೆರೆದು, ಸರಿಯಾದ ಅಳತೆಯ ಹೊಸ ಫೋಮ್ ಉಂಗುರವನ್ನು ಅಂಟಿಸಿ, ಒಣಗುವವರೆಗೂ ಕಾಯಿಲ್ ನಟ್ಟನಡುವೆ ನಿಲ್ಲುವಂತೆ ನೋಡಿಕೊಂಡರೆ ಆ ಸ್ಪೀಕರ್ ಮತ್ತೆ ಹಲವು ವರ್ಷ ಹಾಡುತ್ತದೆ. ಕಾಯಿಲ್ ಕೂದಲೆಳೆಯಷ್ಟು ಓರೆಯಾದರೂ ಉಜ್ಜುತ್ತದೆ. ಆದ್ದರಿಂದ ಇದು ಬಲ್ಲವರ ಕೈಯಿಂದಲೇ ಆಗಬೇಕಾದ ಕೆಲಸ.

ಆಂಪ್ಲಿಫೈಯರ್‌ನ ವಾಲ್ಯೂಮ್ ತಿರುಗಿಸುವಾಗ ಬರುವ ಪರಪರ ಸದ್ದು ಎಷ್ಟೋ ವೇಳೆ ಧೂಳಿನದು, ಕಾಂಟ್ಯಾಕ್ಟ್ ಕ್ಲೀನರ್ ಎಂಬ ಶುಚಿಕಾರಕ ಸಿಂಪಡಿಸಿದರೆ ಹೋಗುತ್ತದೆ. ನಿರಂತರ ಗುಂಯ್‌ಗುಡುತ್ತಿದ್ದರೆ ಒಣಗಿದ ಕೆಪಾಸಿಟರ್‌ಗಳನ್ನು ಶಂಕಿಸಬೇಕು. ಆದರೆ ಪ್ಲಗ್ ತೆಗೆದ ಮೇಲೂ ಅವುಗಳಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ ತಿಳಿಯದವರು ಪೆಟ್ಟಿಗೆ ಬಿಚ್ಚಬಾರದು. ಮೊಬೈಲ್‌ನಿಂದ ಹಾಡು ಕೇಳಲು ಅಗ್ಗದ ಬ್ಲೂಟೂತ್ ರಿಸೀವರ್ ಒಂದನ್ನು ಆಂಪ್ಲಿಫೈಯರ್‌ನ ಆಕ್ಸ್ ಕಿಂಡಿಗೆ (ಹೊರಗಿನ ಉಪಕರಣ ಜೋಡಿಸಲೆಂದಿರುವುದು) ಜೋಡಿಸಿದರಾಯಿತು. ಅದನ್ನು ಫೋನೊ ಕಿಂಡಿಗೆ ಮಾತ್ರ ಸಿಕ್ಕಿಸಬೇಡಿ, ಅದು ಗ್ರಾಮಫೋನ್ ಮುಳ್ಳಿನ ಕ್ಷೀಣ ಸಂಕೇತಕ್ಕೆಂದೇ ಮಾಡಿದ್ದು.

ಸ್ಪೀಕರ್‌ಗೆಂದೇ ಮಾರುವ ದುಬಾರಿ ಕೇಬಲ್‌ಗಳ ಗೊಡವೆಯೂ ಬೇಡ. ನಾಲ್ಕೈದು ಮೀಟರ್ ದೂರಕ್ಕೆ ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಸಾಕು. ಎರಡೂ ಸ್ಪೀಕರ್‌ಗಳಿಗೆ ಆಂಪ್ಲಿಫೈಯರ್‌ನ ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಸರಿಯಾಗಿ ಕೂಡಿಸಿರಬೇಕು, ಒಂದು ಅದಲುಬದಲಾದರೂ ಮಂದ್ರ ಸೊರಗಿಹೋಗುತ್ತದೆ. ಖರ್ಚೇ ಇಲ್ಲದ ಸುಧಾರಣೆಯೊಂದಿದೆ: ಸ್ಪೀಕರ್‌ಗಳನ್ನು ಷೋಕೇಸಿನ ಮೂಲೆಯಿಂದ ಹೊರತಂದು, ಗೋಡೆಯಿಂದ ಒಂದೆರಡು ಅಡಿ ಮುಂದೆ, ಟ್ವೀಟರ್ (ತಾರ ಸ್ವರಗಳನ್ನು ಹೊಮ್ಮಿಸುವ ಚಿಕ್ಕ ಸ್ಪೀಕರ್) ಕಿವಿಯ ಮಟ್ಟಕ್ಕೆ ಬರುವಂತೆ, ತಮ್ಮ ನಡುವೆ ಎಷ್ಟು ದೂರವೋ ಕೇಳುಗನಿಂದಲೂ ಅಷ್ಟೇ ದೂರದಲ್ಲಿ ಇಡುವುದು. ಟೈಲ್ಸ್ ಹಾಸಿದ ಬರಿ ಕೋಣೆಯಲ್ಲಿ ಶಬ್ದ ಪುಟಿಪುಟಿದು ಮಾತು ಕಲಸಿಹೋಗುತ್ತದೆ. ಒಂದು ಜಮಖಾನ, ದಪ್ಪ ಪರದೆ ಹಾಕಿದರೆ ತಂಬೂರದ ಝೇಂಕಾರ ಬೇರೆಯಾಗಿ, ಗಾಯಕರ ಉಸಿರು ಬೇರೆಯಾಗಿ ಕೇಳುವುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ತೊಡಕಿರುವುದು ಈ ಕೆಲಸ ಬಲ್ಲ ರಿಪೇರಿಯವರು ಕಡಿಮೆಯಾಗುತ್ತಿರುವುದರಲ್ಲಿ. ನಮ್ಮ ಐಟಿಐಗಳಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ತರಬೇತಿ ಇದ್ದೇ ಇದೆ; ಅದರ ಜೊತೆಗೆ ಸ್ಪೀಕರ್ ಮತ್ತು ಆಂಪ್ಲಿಫೈಯರ್ ದುರಸ್ತಿಯ ಅಲ್ಪಾವಧಿ ಕೋರ್ಸೊಂದನ್ನು ಸಂಬಂಧಪಟ್ಟ ಇಲಾಖೆ ಆರಂಭಿಸಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರೈಟ್ ಟು ರಿಪೇರ್’ (ದುರಸ್ತಿಯ ಹಕ್ಕು) ಪೋರ್ಟಲ್ ತೆರೆದಿದೆಯಾದರೂ, ಊರಿನಲ್ಲಿ ದುರಸ್ತಿ ಮಾಡುವ ಕೈಗಳಿಲ್ಲದೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ತಮ್ಮ ಪತ್ರಿಕೆಯೂ ಧ್ವನಿ ಉಪಕರಣಗಳ ಜಾಹೀರಾತು ಸ್ವೀಕರಿಸುವಾಗ ಆರ್‌ಎಂಎಸ್ ಅಂಕಿಯನ್ನು ನಮೂದಿಸುವಂತೆ ಕೇಳಬೇಕೆಂದು ವಿನಂತಿಸುತ್ತೇನೆ.

— ಓರ್ವ ಸಂಗೀತ ಶ್ರೋತೃ, ಉಡುಪಿ