ಸಾವಯವಕ್ಕೆ ತಿರುಗುವ ಆ ಎರಡು ವರ್ಷ ರೈತನ ಮನೆ ನಡೆಯೋದು ಹೇಗೆ?

ಮಾನ್ಯ ಸಂಪಾದಕರೇ,

ಸಂಕ್ರಾಂತಿಗೆ ಅಥಣಿ ಕಡೆಯ ನಮ್ಮೂರಿಂದ ಅಣ್ಣ ಪುಣೆಗೆ ಬಂದಿದ್ದ. ಚೀಲದಲ್ಲಿ ನಾಲ್ಕು ಪೆಂಟಿ ಬೆಲ್ಲ. ಚಿಂಚವಡದ ನಮ್ಮ ಸೊಸೈಟಿಯಲ್ಲಿ ಕನ್ನಡದವರ ಮನೆ ಏಳೆಂಟು ಇವೆ. ಎಳ್ಳು ಕೊಡಲು ಹೋದಾಗ ಒಂದೊಂದು ತುಂಡು ಬೆಲ್ಲವನ್ನೂ ಕೊಟ್ಟೆ. "ಇದೇನ್ರಿ, ಇಷ್ಟು ಕಪ್ಪಗೈತಿ?" ಎಂದರು ಒಬ್ಬರು. ಅವರೂ ನಮ್ಮ ಕಡೆಯವರೇ. ಅಂಗಡಿಯ ಹಳದಿ ಬೆಲ್ಲ ನೋಡಿ ನೋಡಿ ನಮ್ಮ ಕಣ್ಣಿಗೆ ಅದೇ ರೂಢಿಯಾಗಿದೆ. ಬಣ್ಣ ತಿಳಿಯಾಗಲಿ ಅಂತ ಎಷ್ಟೋ ಗಾಣಗಳಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಹೈಡ್ರೋಸ್ ಅನ್ನುವ ರಾಸಾಯನಿಕ ಪುಡಿ ಹಾಕುತ್ತಾರೆ. ಅಣ್ಣ ಹಾಕಿಸಿಲ್ಲ, ಹೊಲಕ್ಕೂ ಯೂರಿಯಾ ಹಾಕಿಲ್ಲ. ಅದಕ್ಕೇ ಈ ಬಣ್ಣ.

ಅಣ್ಣನಿಗೆ ಐದು ಎಕರೆ ಇದೆ. ಅದರಲ್ಲಿ ಎರಡು ಎಕರೆ ಕಬ್ಬನ್ನು ಸಾವಯವಕ್ಕೆ ತಿರುಗಿಸಿದ. ರವದಿ (ಕಬ್ಬಿನ ಒಣಗರಿ) ಸುಡೋದು ಬಿಟ್ಟು ಸಾಲಿನಲ್ಲೇ ಹೊದಿಸಿದ. ಸಗಣಿ, ಗಂಜಲ, ಬೆಲ್ಲ, ಕಡಲೆ ಹಿಟ್ಟು ಕಲಸಿ ಜೀವಾಮೃತ ಬಿಟ್ಟ. ಎಲ್ಲ ಸರಿ. ಆದರೆ ಎಕರೆಗೆ 45 ಟನ್ ಬರುತ್ತಿದ್ದ ಕಬ್ಬು ಮೊದಲ ವರ್ಷ 30ಕ್ಕೆ ಇಳಿಯಿತು. ಟನ್‌ಗೆ ಮೂರು ಸಾವಿರ ಅಂತ ಹಿಡಿದರೂ ಎರಡು ಎಕರೆಗೆ 90,000 ರೂಪಾಯಿ ಹೋಯಿತು. ಗೊಬ್ಬರದ ಖರ್ಚು ಉಳೀತಲ್ಲ ಅಂತ ನಾನು ಕೇಳಿದೆ. ಉಳಿದದ್ದೆಲ್ಲ ಕಸ ತೆಗೆಯುವ ಆಳಿಗೆ ಹೋಯಿತಂತೆ. ಆ ವರ್ಷದ ಕಬ್ಬು ಕಾರ್ಖಾನೆಗೆ ಹೋಯಿತು. ಅಲ್ಲಿ ಸಾವಯವ ಕಬ್ಬಿಗೆ ಬೇರೆ ದರ ಇಲ್ಲ. ಎಫ್‌ಆರ್‌ಪಿ (ಕೇಂದ್ರ ಸರ್ಕಾರ ಗೊತ್ತುಮಾಡುವ ಕಬ್ಬಿನ ಕನಿಷ್ಠ ದರ) ಲೆಕ್ಕ ಕಬ್ಬಿನಿಂದ ಸಿಗುವ ಸಕ್ಕರೆಯ ಮೇಲೆ, ಮಣ್ಣಿನ ಮೇಲಲ್ಲ. ಎರಡನೇ ವರ್ಷ ಬೇಸತ್ತು ಗಾಣಕ್ಕೆ ಹಾಕಿ ಬೆಲ್ಲ ಮಾಡಿಸಿದ.

ಸರ್ಕಾರದ ನೆರವು ಇಲ್ಲವೇ ಅಂದರೆ, ಇದೆ. 2015ರಲ್ಲಿ ಶುರುವಾದ ಪರಂಪರಾಗತ ಕೃಷಿ ವಿಕಾಸ ಯೋಜನೆಯಲ್ಲಿ ಈಗ ಹೆಕ್ಟೇರಿಗೆ ಮೂರು ವರ್ಷಕ್ಕೆ ಒಟ್ಟು 31,500 ರೂಪಾಯಿ. ಕೇಳಲು ಚೆನ್ನಾಗಿದೆ. ಆದರೆ ತರಬೇತಿ, ಪ್ರಮಾಣಪತ್ರ, ಪ್ಯಾಕಿಂಗು, ಮಾರಾಟದ ಬಾಬತ್ತು ಕಳೆದರೆ ರೈತನ ಖಾತೆಗೆ ಬರೋದು 15,000. ಎಕರೆಗೆ ಇಳಿಸಿ ನೋಡಿ. ಸುಮಾರು 6,000, ಅದೂ ಮೂರು ವರ್ಷಕ್ಕೆ. ವರ್ಷಕ್ಕೆ 2,000. ಎಕರೆಗೆ 45,000 ಕಳೆದುಕೊಂಡವನ ಕೈಗೆ 2,000! ಇಷ್ಟಕ್ಕೂ ಅಕ್ಕಪಕ್ಕದವರು ಸೇರಿ 20 ಹೆಕ್ಟೇರಿನ ಗುಂಪು ಕಟ್ಟಬೇಕು. ಅಣ್ಣನ ಗುಂಪಿನ ದುಡ್ಡು ಬಂದಾಗ ಕಬ್ಬು ಎದೆಮಟ್ಟ ಬೆಳೆದಿತ್ತು. 2024ರ ಕೊನೆಗೆ ಒಪ್ಪಿಗೆ ಸಿಕ್ಕ ನೈಸರ್ಗಿಕ ಕೃಷಿ ಮಿಷನ್‌ನಲ್ಲಿ ಎಕರೆಗೆ ವರ್ಷಕ್ಕೆ 4,000ದಂತೆ ಎರಡು ವರ್ಷ ಕೊಡುತ್ತಾರೆ. ಸ್ವಲ್ಪ ವಾಸಿ, ಅಷ್ಟೇ.

ಈಗ ಯೂರಿಯಾ ನೋಡಿ. 45 ಕೆಜಿ ಚೀಲ 270 ರೂಪಾಯಿಯೊಳಗೆ ಸಿಗುತ್ತದೆ. ಅದರ ನಿಜವಾದ ಬೆಲೆ ಎಷ್ಟೋ ಪಟ್ಟು ಜಾಸ್ತಿ. ಉಳಿದದ್ದನ್ನು ಸರ್ಕಾರ ಕಟ್ಟುತ್ತದೆ. ಗೊಬ್ಬರದ ಸಬ್ಸಿಡಿಗೆ ಕೇಂದ್ರ ವರ್ಷಕ್ಕೆ ಒಂದೂವರೆ ಲಕ್ಷ ಕೋಟಿಗೂ ಮೇಲೆ ಖರ್ಚು ಮಾಡುತ್ತಿದೆ. ಚೀಲ ಕೊಳ್ಳುವವನು ಗುಂಪು ಕಟ್ಟಬೇಕಿಲ್ಲ, ತರಬೇತಿಗೆ ಕೂರಬೇಕಿಲ್ಲ. ಅಂಗಡಿಗೆ ಹೋಗಿ ಹೆಬ್ಬೆಟ್ಟು ಒತ್ತಿದರೆ ಆಯ್ತು. ಚೀಲ ಬೇಡ ಅಂದವನಿಂದ ಸರ್ಕಾರಕ್ಕೆ ಅಷ್ಟು ದುಡ್ಡು ಉಳಿಯುತ್ತದೆ, ಅಲ್ವಾ? ಅದು ಎಲ್ಲಿ ಹೋಗುತ್ತದೆ? 2023ರ ಪಿಎಂ ಪ್ರಣಾಮ್ ಯೋಜನೆಯ ಪ್ರಕಾರ, ರಸಗೊಬ್ಬರ ಕಡಿಮೆ ಮಾಡಿದ ರಾಜ್ಯಕ್ಕೆ ಉಳಿತಾಯದ ಅರ್ಧ ಭಾಗ ಸಿಗುತ್ತದೆ. ರಾಜ್ಯಕ್ಕೆ! ಚೀಲ ಬಿಟ್ಟವನು ಅಣ್ಣ, ಬಹುಮಾನ ರಾಜ್ಯಕ್ಕೆ.

ನನ್ನ ಮಾತು ಇಷ್ಟೇ. ಆ ದುಡ್ಡಿನಲ್ಲಿ ಒಂದು ಪಾಲು ರೈತನ ಖಾತೆಗೇ ಬರಲಿ. ಗೊಬ್ಬರ, ಬೀಜದ ಹೆಸರಿನಲ್ಲಿ ಬೇಡ. ಇಳುವರಿ ಬಿದ್ದದ್ದಕ್ಕೆ ಅಂತಲೇ ಕೊಡಲಿ. ಮೊದಲ ಎರಡು ವರ್ಷ ಜಾಸ್ತಿ, ಆಮೇಲೆ ಬೇಕಿದ್ದರೆ ಪೂರ್ತಿ ನಿಲ್ಲಿಸಲಿ. ಕಬ್ಬಿಗೂ ಮಳೆ ನಂಬಿದ ಜೋಳಕ್ಕೂ ಒಂದೇ ಮೊತ್ತ ಇಡೋದೂ ಸರಿಯಲ್ಲ. ಜೋಳದ ಹೊಲ ಮೊದಲಿನಿಂದಲೂ ಹೆಚ್ಚು ಗೊಬ್ಬರ ಕಂಡದ್ದಲ್ಲ, ಅಲ್ಲಿ ಬೀಳುವ ಪೆಟ್ಟು ಸಣ್ಣದು.

ಪುಣೆಯಲ್ಲಿರುವ ನಮ್ಮದೂ ಒಂದು ಕೆಲಸ ಇದೆ. ಸಾವಯವ ಅಂತ ಪೂರ್ತಿ ಒಪ್ಪಿಗೆ ಸಿಗಲು ಎರಡು ಮೂರು ವರ್ಷ ಬೇಕು. ಅಲ್ಲಿವರೆಗೆ ಅಣ್ಣನಂಥವರಿಗೆ ಪಿಜಿಎಸ್ (ಗುಂಪಿನ ರೈತರೇ ಒಬ್ಬರ ಹೊಲ ಒಬ್ಬರು ನೋಡಿ ದೃಢೀಕರಿಸುವ) ಪದ್ಧತಿಯಲ್ಲಿ 'ಗ್ರೀನ್' ಅನ್ನುವ ಬೇರೆ ಗುರುತು ಇದೆ. ಹೊಲ ಬದಲಾಗುತ್ತಿದೆ, ಇನ್ನೂ ಮುಗಿದಿಲ್ಲ ಅಂತ ಅದರ ಅರ್ಥ. ಇದನ್ನು ನೋಡಿ ಕೊಂಡವರನ್ನು ನಾನಂತೂ ಕಂಡಿಲ್ಲ. ಇಲ್ಲಿ ಅಂಗಡಿಗಳಲ್ಲಿ ಸುಮ್ನೆ 'ಸೇಂದ್ರಿಯ ಗುಳ್' (ಸಾವಯವ ಬೆಲ್ಲ) ಅಂತ ಚೀಟಿ ಅಂಟಿಸಿದರೆ ಸಾಕು, ಗುರುತು ಕೇಳದೆ ಎರಡು ಪಟ್ಟು ಕೊಡುತ್ತೇವೆ. "ಎರಡು ವರ್ಷ ನಾ ಸಾವಯವದವನೂ ಅಲ್ಲ, ಗೊಬ್ಬರದವನೂ ಅಲ್ಲ" ಅಂತ ಅಣ್ಣ ಹೇಳಿದ್ದು ಇದಕ್ಕೇ. ನಗರದ ಕನ್ನಡ ಸಂಘಗಳು ತಿಂಗಳಿಗೊಂದು ಭಾನುವಾರ ಸಭಾಂಗಣದ ಮೂಲೆಯಲ್ಲಿ ನಾಲ್ಕು ಮೇಜು ಹಾಕಿಕೊಟ್ಟರೆ, ಇಂಥ ರೈತರು ತಾವೇ ಬಂದು ಮಾರಬಹುದು. ಪ್ರಶ್ನೆ ಇದ್ದರೆ ಎದುರಿಗೇ ಕೇಳಬಹುದು. (ಇದು ಜಾಹೀರಾತಲ್ಲ. ಅಣ್ಣನ ಬೆಲ್ಲ ಆಗಲೇ ಖಾಲಿಯಾಗಿದೆ.)

ಉಳಿದ ಮೂರು ಎಕರೆಯನ್ನೂ ತಿರುಗಿಸುತ್ತೀಯಾ ಅಂತ ಬಸ್ಸು ಹತ್ತಿಸುವಾಗ ಕೇಳಿದೆ. "ಮಗಳ ಕಾಲೇಜು ಮುಗೀಲಿ ತಮ್ಮಾ, ಆಮ್ಯಾಲೆ ನೋಡೋಣು" ಎಂದ. ಅವಳು ಈಗಷ್ಟೇ ಮೊದಲ ವರ್ಷದಲ್ಲಿದ್ದಾಳೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಚಿಂಚವಡ, ಪುಣೆ